ಶುರು ಮಾಡುವುದು ಸುಲಭ, ಮುಗಿಸುವುದೇ ಎಂಜಿನಿಯರಿಂಗ್

‘ಬಿಳಿ ನೆಲದ ಮೇಲೆ ಕಪ್ಪು ಗೆರೆ ಹಿಡಿದು ಓಡುತ್ತೆ, ಸರಿ. ಕಪ್ಪು ನೆಲದ ಮೇಲೆ ಬಿಳಿ ಗೆರೆ ಇದ್ದರೆ? ಏನು ಬದಲಾಯಿಸಬೇಕೋ ಬದಲಾಯಿಸಿ ತೋರಿಸಿ ನೋಡೋಣ.’

ಐದನೇ ಸೆಮಿಸ್ಟರಿನ ಮಿನಿ ಪ್ರಾಜೆಕ್ಟ್ ವೈವಾದಲ್ಲಿ ಎಕ್ಸಾಮಿನರ್ ನಮ್ಮನ್ನು ಕೇಳಿದ ಪ್ರಶ್ನೆ ಇದು. ಪ್ರೋಗ್ರಾಮಿನಲ್ಲಿ ಒಂದೆರಡು ಸಾಲು ತಿರುಗಿಸಿ ಬರೆದರೆ ಮುಗಿಯುವ ಕೆಲಸ. ಆದರೆ ನಾವು ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಂತೆವು. ಏಕೆಂದರೆ ಆ ರೋಬೊವನ್ನು ನಾವು ಮಾಡಿರಲಿಲ್ಲ, ಕೊಂಡುಕೊಂಡಿದ್ದೆವು. ರಿಪೋರ್ಟ್, ಪಿಪಿಟಿ, ಕೇಳಬಹುದಾದ ಪ್ರಶ್ನೆಗಳಿಗೆ ಉತ್ತರ, ಎಲ್ಲವೂ ಒಂದೇ ಪ್ಯಾಕೇಜಿನಲ್ಲಿ ಬಂದಿತ್ತು. ಈ ಪ್ರಶ್ನೆ ಮಾತ್ರ ಅದರಲ್ಲಿ ಇರಲಿಲ್ಲ. ಎಕ್ಸಾಮಿನರ್ ಬೈಯಲಿಲ್ಲ. ಸುಮ್ಮನೆ ನಕ್ಕು ‘ಹೋಗಿ’ ಎಂದರು. ಅಂಕವೂ ಬಂತು. ಬೈದಿದ್ದರೆ ಅಂದೇ ಮರೆತುಬಿಡುತ್ತಿದ್ದೆನೇನೋ, ಆ ನಗು ಮಾತ್ರ ಇವತ್ತಿಗೂ ಮರೆತಿಲ್ಲ.

ಈಗ ನಾನು ಮೆಕ್ಯಾನಿಕಲ್ ಅಂತಿಮ ವರ್ಷದಲ್ಲಿದ್ದೇನೆ. ಮುಖ್ಯ ಪ್ರಾಜೆಕ್ಟಿನ ಹೊತ್ತು. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ‘ರೆಡಿ ಪ್ರಾಜೆಕ್ಟ್, ರಿಪೋರ್ಟ್ ಸಮೇತ’ ಎಂಬ ಸಂದೇಶಗಳು ಮತ್ತೆ ಬರತೊಡಗಿವೆ. ‘ತಲಾ ಇಷ್ಟು ಹಾಕಿದರೆ ಆಯ್ತು ಮಗಾ, ಆರಾಮಾಗಿ ಪ್ಲೇಸ್‌ಮೆಂಟಿಗೆ ಓದಬಹುದು’ ಎನ್ನುವ ಮಾತು ಕ್ಯಾಂಟೀನಿನಲ್ಲಿ ಕೇಳುತ್ತಿದೆ. ಈ ಸಲ ನಾನು ಬೇಡ ಎನ್ನುತ್ತಿದ್ದೇನೆ. ಹಾಗೆನ್ನಲು ಕಾರಣ ಒಂದು ಮರದ ವಿಮಾನ.

ಆ ವೈವಾ ಮುಗಿದ ಮೇಲೆ ಫೆಬ್ರುವರಿ ರಜೆಯಲ್ಲಿ ಭದ್ರಾವತಿಯ ಜನ್ನಾಪುರದಲ್ಲಿರುವ ತಾತನ ಮನೆಗೆ ಹೋಗಿದ್ದೆ. ತಾತ ಅಂದರೆ ಅಮ್ಮನ ಅಪ್ಪ. ಕಾರ್ಖಾನೆಯೊಂದರ ಪ್ಯಾಟರ್ನ್ ಶಾಪಿನಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕೆಲಸ ಮಾಡಿ ನಿವೃತ್ತರಾದವರು. ಉಳಿ, ಗರಗಸ, ಉಜ್ಜುಗೊರಡು ಇವತ್ತಿಗೂ ಅವರ ಮಂಚದ ಕೆಳಗಿನ ಟ್ರಂಕಿನಲ್ಲಿ ಎಣ್ಣೆ ಸವರಿಸಿಕೊಂಡು ಮಲಗಿವೆ. ನಾನು ನಾಚಿಕೆಪಟ್ಟುಕೊಂಡೇ ರೋಬೊ ಕಥೆ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು: ‘ಹಂಗಾದ್ರೆ ನಿನ್ನ ಕೈಯಾರೆ ಪೂರ್ತಿ ಮುಗಿಸಿದ ಒಂದು ವಸ್ತು ಯಾವ್ದಪ್ಪ?’ ಯೋಚಿಸಿದೆ. ಒಂದೂ ಇರಲಿಲ್ಲ. ಮೂರು ವರ್ಷ ಎಂಜಿನಿಯರಿಂಗ್ ಓದಿದವನ ಉತ್ತರ ಇದು.

ವಿಮಾನವನ್ನೇ ಆರಿಸಿಕೊಂಡದ್ದಕ್ಕೂ ನಮ್ಮ ಊರೇ ಕಾರಣ. 2023ರ ಫೆಬ್ರುವರಿ 27ರಂದು ಸೋಗಾನೆಯಲ್ಲಿ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಅದೇ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂದಿಳಿಯಿತು. ಆಮೇಲೆ ಶಿವಮೊಗ್ಗ, ಭದ್ರಾವತಿಯ ಹುಡುಗರೆಲ್ಲ ಸದ್ದು ಕೇಳಿದೊಡನೆ ತಲೆ ಎತ್ತುವುದನ್ನು ಕಲಿತೆವು. ನಾನು ಮಾತ್ರ ಇನ್ನೂ ಹಿಂದಕ್ಕೆ ಹೋದೆ. ಒಂದರ ಮೇಲೊಂದು ಎರಡು ಜೊತೆ ರೆಕ್ಕೆ ಇರುವ ಹಳೆಯ ಬೈಪ್ಲೇನ್ ‘ಟೈಗರ್ ಮಾತ್’ ನನ್ನ ಆಯ್ಕೆ. 1931ರಲ್ಲಿ ಇಂಗ್ಲೆಂಡಿನಲ್ಲಿ ಮೊದಲು ಹಾರಿದ್ದು. ನಮ್ಮ ವಾಯುಪಡೆಯ ಪೈಲಟ್‌ಗಳೂ ಫ್ಲೈಯಿಂಗ್ ಕ್ಲಬ್‌ಗಳ ಹುಡುಗರೂ ಹಾರಾಟದ ಅಕ್ಷರಾಭ್ಯಾಸ ಮಾಡಿದ್ದು ಇದರ ಮೇಲೆಯೇ. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ವಿ.ಎಂ. ಘಾಟಗೆ ಅವರ ತಂಡ ವಿನ್ಯಾಸ ಮಾಡಿದ ಎಚ್‌ಟಿ–2, 1951ರಲ್ಲಿ ಮೊದಲ ಹಾರಾಟ ನಡೆಸಿತು. ಮುಂದೆ ವಾಯುಪಡೆಯ ತರಬೇತಿಯಲ್ಲಿ ಟೈಗರ್ ಮಾತ್‌ನ ಜಾಗಕ್ಕೆ ಬಂದದ್ದು ಅದೇ.

ಅಸಲಿ ಟೈಗರ್ ಮಾತ್‌ನ ರೆಕ್ಕೆ ತುದಿಯಿಂದ ತುದಿಗೆ 8.94 ಮೀಟರ್, ಉದ್ದ 7.29 ಮೀಟರ್. ನಾನು 12ರಲ್ಲಿ ಒಂದು ಪಾಲಿನ ಅಳತೆ ಹಿಡಿದೆ. ಅಂದರೆ ರೆಕ್ಕೆ ಎಪ್ಪತ್ತನಾಲ್ಕೂವರೆ ಸೆಂಟಿಮೀಟರ್. ಹಾರಿಸುವುದಕ್ಕಲ್ಲ, ಅಳತೆಗೆ ಸರಿಯಾಗಿ ಕಟ್ಟಿ ನಿಲ್ಲಿಸುವುದಕ್ಕೆ. ಮೈಕಟ್ಟಿಗೆ ಸಾ ಮಿಲ್‌ನಿಂದ ತಂದ ಸಿಲ್ವರ್ ಓಕ್ ಪಟ್ಟಿ, ರೆಕ್ಕೆಯ ಪಕ್ಕೆಲುಬುಗಳಿಗೆ ತೆಳು ಪ್ಲೈವುಡ್, ನಡುವಿನ ಕಂಬಗಳಿಗೆ ಬಿದಿರು, ಹೊದಿಕೆಗೆ ಗಾಳಿಪಟದ ಕಾಗದ, ಎಳೆದು ಕಟ್ಟಲು ಮೀನು ಗಾಳದ ದಾರ. ಕೊನೆಗೆ ಲೆಕ್ಕ ಹಾಕಿದರೆ ಎಲ್ಲ ಸೇರಿ ಸಾವಿರದ ನಾನೂರು ರೂಪಾಯಿ ಚಿಲ್ಲರೆ. ಆ ರೆಡಿ ರೋಬೊಗೆ ನನ್ನ ಪಾಲು ಇದಕ್ಕಿಂತ ಜಾಸ್ತಿಯಾಗಿತ್ತು.

ಶುರು ಮಾಡುವ ಖುಷಿ ಎಲ್ಲರಿಗೂ ಗೊತ್ತು. ಮೊದಲ ವಾರ ನನಗೂ ಊಟ ನಿದ್ದೆ ಬೇಕಿರಲಿಲ್ಲ. ರೆಕ್ಕೆಗೆ 9ರಂತೆ ನಾಲ್ಕು ರೆಕ್ಕೆಗೆ 36 ಪಕ್ಕೆಲುಬು. ಒಂದೊಂದನ್ನೇ ಗೀಚಿ ಕತ್ತರಿಸುತ್ತ ಕೂತಿದ್ದೆ. ಹತ್ತಾಗುವಷ್ಟರಲ್ಲಿ ಯಾವ ಎರಡೂ ಒಂದೇ ಥರ ಇರಲಿಲ್ಲ. ತಾತ ನೋಡಿ, ತಗಡಿನಲ್ಲಿ ಎರಡು ನಮೂನೆ ಕತ್ತರಿಸಿಕೊಟ್ಟರು. ಒರಟಾಗಿ ಕತ್ತರಿಸಿದ ತುಂಡುಗಳನ್ನೆಲ್ಲ ಆ ಎರಡು ತಗಡಿನ ನಡುವೆ ಒತ್ತಾಗಿ ಜೋಡಿಸಿ, ಬೋಲ್ಟ್ ಹಾಕಿ ಬಿಗಿದು, ಒಟ್ಟಿಗೇ ಉಜ್ಜಲು ಹೇಳಿದರು. ಒಂದೇ ಮಧ್ಯಾಹ್ನದಲ್ಲಿ ಎಲ್ಲವೂ ಅಚ್ಚೊತ್ತಿದಂತೆ ಬಂದವು. ‘ಒಂದೇ ಥರದ್ದು ಬೇಕು ಅಂದ್ರೆ ಒಟ್ಟಿಗೇ ಮಾಡ್ಬೇಕು’ ಎಂದರು. ಬಿಡಿಭಾಗಗಳು ಒಂದರ ಜಾಗದಲ್ಲಿ ಇನ್ನೊಂದು ಕೂರುವಂತಿರಬೇಕು ಎಂಬ ಪಾಠವನ್ನು ನಾನು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದಿದ್ದೆ. ಅರ್ಥವಾಗಿದ್ದು ಆ ಮಧ್ಯಾಹ್ನ.

ರೆಕ್ಕೆಗೆ ಕಾಗದ ಹೊದಿಸುವಾಗ ಎಡವಟ್ಟಾಯಿತು. ಕಾಗದ ಅಂಟಿಸಿ ಮೇಲೆ ನೀರು ಸಿಂಪಡಿಸಿದರೆ ಒಣಗುವಾಗ ಬಿಗಿಯಾಗುತ್ತದೆ. ನಾನು ಆತುರದಲ್ಲಿ ರೆಕ್ಕೆಯನ್ನು ಹಲಗೆಗೆ ಬಿಗಿಯದೆ ಹಾಗೇ ಒಣಗಲು ಬಿಟ್ಟೆ. ಬೆಳಿಗ್ಗೆ ನೋಡಿದರೆ ಕೆಳಗಿನ ಎಡ ರೆಕ್ಕೆಯ ತುದಿ ನಾಲ್ಕು ಮಿಲಿಮೀಟರ್ ತಿರುಚಿಕೊಂಡಿತ್ತು. ಗೊತ್ತಿದ್ದೂ ಹಾಗೇ ಜೋಡಿಸಿದೆ. ಮೇಲಿನ ರೆಕ್ಕೆ ಕೂರಿಸುವ ಹೊತ್ತಿಗೆ ಒಂದು ಕಂಬ ಉದ್ದ, ಇನ್ನೊಂದು ಗಿಡ್ಡ. ದಾರ ಎಳೆದು ಸರಿಮಾಡೋಣ ಎಂದರೆ ಎಡಗಡೆ ಬಿಗಿದಷ್ಟೂ ಬಲಗಡೆ ಸಡಿಲವಾಗುತ್ತಿತ್ತು.

ಈ ದಾರಗಳು ಅಲಂಕಾರಕ್ಕಲ್ಲ. ಬೈಪ್ಲೇನಿನ ಎರಡು ರೆಕ್ಕೆ, ನಡುವಿನ ಕಂಬ, ಅಡ್ಡ ಎಳೆದ ತಂತಿ, ಇವೆಲ್ಲ ಸೇರಿ ರೈಲ್ವೆ ಸೇತುವೆಯ ಟ್ರಸ್‌ನಂತೆ ಕೆಲಸ ಮಾಡುತ್ತವೆ. 1896ರಲ್ಲಿ ತನ್ನ ಬೈಪ್ಲೇನ್ ಗ್ಲೈಡರ್‌ಗೆ ಈ ಕಟ್ಟನ್ನು ತಂದ ಆಕ್ಟೇವ್ ಶನೂಟ್ ವೃತ್ತಿಯಲ್ಲಿ ಸೇತುವೆ ಕಟ್ಟುವ ಎಂಜಿನಿಯರೇ. ಅದೇ ಕಟ್ಟನ್ನು ರೈಟ್ ಸಹೋದರರು 1903ರ ಡಿಸೆಂಬರ್ 17ರಂದು 12 ಸೆಕೆಂಡ್ ಗಾಳಿಯಲ್ಲಿ ನಿಲ್ಲಿಸಿದರು. ಹಾರುವಾಗ ಗಾಳಿ ರೆಕ್ಕೆಯನ್ನು ಮೇಲಕ್ಕೆ ಎತ್ತುತ್ತದೆ, ಆಗ ಒಂದು ಜೊತೆ ತಂತಿ ಭಾರ ಹೊರುತ್ತದೆ. ನೆಲದಲ್ಲಿ ನಿಂತಾಗ ರೆಕ್ಕೆ ತನ್ನ ತೂಕಕ್ಕೆ ಜೋತುಬೀಳುತ್ತದೆ, ಆಗ ಇನ್ನೊಂದು ಜೊತೆ ಹೊರುತ್ತದೆ. ಟ್ರಸ್‌ನ ಲೆಕ್ಕ ನನಗೆ ಬಾಯಿಪಾಠ. ಆದರೆ ಒಂದು ಕೊಂಡಿ ತಪ್ಪಿದರೆ ಎಲ್ಲ ಕೊಂಡಿಗೂ ಆ ತಪ್ಪು ಹಂಚಿಕೆಯಾಗುತ್ತದೆ ಎಂದು ಬೆರಳಿಗೆ ಗೊತ್ತಾಗಿದ್ದು ಈ ಗಾಳದ ದಾರ ಎಳೆಯುವಾಗಲೇ.

ಅಲ್ಲಿಗೆ ನನ್ನ ಉತ್ಸಾಹ ಮುಗಿಯಿತು. ಕಾಲೇಜು ಶುರುವಾಯಿತು ಎಂಬ ನೆಪವೂ ಸಿಕ್ಕಿತು. ವಿಮಾನ ತಾತನ ಅಟ್ಟ ಸೇರಿತು. ನಮ್ಮಲ್ಲಿ ಎಷ್ಟು ಜನರ ಕೋಣೆಯಲ್ಲಿ ಇಂಥ ಅಟ್ಟಗಳಿಲ್ಲ? ಮೂರು ಪಾಠಕ್ಕೆ ನಿಂತ ಆನ್‌ಲೈನ್ ಕೋರ್ಸ್, ಆರು ಪುಟಕ್ಕೆ ನಿಂತ ಕೆಪಿಎಸ್‌ಸಿ ನೋಟ್ಸ್, ಎರಡು ಸ್ವರಕ್ಕೆ ನಿಂತ ಗಿಟಾರ್. ಎಲ್ಲವನ್ನೂ ಶುರು ಮಾಡಿರುತ್ತೇವೆ. ಬಯೋಡೇಟಾದಲ್ಲಿ ಎಲ್ಲಕ್ಕೂ ಒಂದೊಂದು ಸಾಲು ಇರುತ್ತದೆ.

ಎರಡು ತಿಂಗಳ ನಂತರ ತಾತನೇ ಫೋನ್ ಮಾಡಿದರು. ‘ನಿನ್ನ ಇಮಾನಕ್ಕೆ ಇಲಿ ಕಣ್ಣು ಹಾಕಿದೆ. ಬಂದು ಮುಗಿಸ್ತೀಯೋ, ಒಲೆಗೆ ಹಾಕ್ಲೋ?’ ಭಾನುವಾರ ಬೆಳಿಗ್ಗೆ ಬಸ್ ಹತ್ತಿದೆ. ತಿರುಚಿದ ರೆಕ್ಕೆಯನ್ನು ಏನು ಮಾಡುವುದು ಎಂದಾಗ, ‘ದಾರ ಕಟ್ಟಿ ಬಣ್ಣ ಹೊಡೆದರೆ ಕಾಣಲ್ಲ ತಾತ’ ಎಂದೆ. ಅವರು ಹೇಳಿದರು: ‘ಬಣ್ಣ ತಪ್ಪು ಮುಚ್ಚಲ್ಲ ಕಣಪ್ಪ, ಎತ್ತಿ ತೋರಿಸುತ್ತೆ.’ ಹೊಳಪು ಬಣ್ಣ ಹಚ್ಚಿದ ಗೋಡೆಯ ಉಬ್ಬುತಗ್ಗು ನೋಡಿದವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಬಿಸಿನೀರಿನ ಬಟ್ಟೆ ಒತ್ತಿ ಒತ್ತಿ ಫೆವಿಕಾಲ್ ಮೆತ್ತಗೆ ಮಾಡಿ ರೆಕ್ಕೆ ಬಿಡಿಸಿದೆವು. ಕಾಗದ ಹರಿದು, ಮತ್ತೆ ಹೊದಿಸಿ, ಈ ಸಲ ಹಲಗೆಗೆ ಬಿಗಿದು ಎರಡು ದಿನ ಒಣಗಿಸಿದೆವು.

ಆ ದಿನಗಳಲ್ಲಿ ತಾತ ತಮ್ಮ ಕೆಲಸದ ಬಗ್ಗೆ ಹೇಳಿದ್ದು ನನ್ನ ತಲೆಯೊಳಗೆ ಇದ್ದ ಒಂದು ತಪ್ಪನ್ನು ಸರಿಮಾಡಿತು. ಎರಕ ಹೊಯ್ಯುವ ಮೊದಲು ಬೇಕಾದ ವಸ್ತುವನ್ನು ಮರದಲ್ಲಿ ಮಾಡುತ್ತಾರೆ. ಅದೇ ಪ್ಯಾಟರ್ನ್. ಅದರ ಸುತ್ತ ಮರಳು ತುಂಬಿ ಗಟ್ಟಿಯಾಗಿ ಬಡಿದು, ಮರವನ್ನು ಮೆಲ್ಲಗೆ ಹೊರತೆಗೆದರೆ ಉಳಿಯುವ ಖಾಲಿ ಜಾಗವೇ ಅಚ್ಚು. ಕರಗಿದ ಲೋಹ ಹೋಗುವುದು ಅದರೊಳಕ್ಕೆ. ಲೋಹ ತಣಿಯುವಾಗ ಕುಗ್ಗುತ್ತದೆ, ಎರಕದ ಕಬ್ಬಿಣವಾದರೆ ಮೀಟರಿಗೆ ಸುಮಾರು 10 ಮಿಲಿಮೀಟರ್, ಉಕ್ಕಾದರೆ ಸುಮಾರು 20. ಅದಕ್ಕೆ ಪ್ಯಾಟರ್ನ್ ಮಾಡುವವರ ಸ್ಕೇಲಿನಲ್ಲಿ ಗೆರೆಗಳೇ ಅಷ್ಟಷ್ಟು ದೂರ ಇರುತ್ತವೆ. ತಾತನ ಟ್ರಂಕಿನಲ್ಲಿ ಅಂಥದ್ದೊಂದು ಸ್ಕೇಲಿದೆ. ಮಾಮೂಲಿ ಸ್ಕೇಲಿನ ಪಕ್ಕ ಇಟ್ಟರೆ ಎರಡೂ ಹೊಂದುವುದಿಲ್ಲ.

‘ಮರ ನಯ ಮಾಡೋದು ಚಂದಕ್ಕೆ ಅಂದ್ಕೊಂಡಿದೀಯ?’ ಎಂದು ಕೇಳಿದರು. ನಾನು ಹಾಗೇ ಅಂದುಕೊಂಡಿದ್ದೆ. ಒರಟು ಪ್ಯಾಟರ್ನ್ ಹೊರಗೆ ಬರುವಾಗ ಮರಳನ್ನು ಕಿತ್ತುಕೊಂಡು ಬರುತ್ತದೆ, ಅಚ್ಚು ಒಡೆಯುತ್ತದೆ, ಎರಕ ಹಾಳಾಗುತ್ತದೆ. ಪ್ಯಾಟರ್ನಿಗೆ ಹೊಡೆಯುವ ಬಣ್ಣವೂ ಅಂದಕ್ಕಲ್ಲ. ಯಾವ ಮೈಯನ್ನು ಆಮೇಲೆ ಮಷಿನ್‌ನಲ್ಲಿ ಕೊರೆಯಬೇಕು, ಯಾವುದನ್ನು ಹಾಗೇ ಬಿಡಬೇಕು ಎಂದು ಮುಂದಿನವರಿಗೆ ಹೇಳುವ ಭಾಷೆ ಅದು. ಅಂದರೆ ‘ಫಿನಿಶಿಂಗ್’ ಎನ್ನುವುದು ಕೆಲಸ ಮುಗಿದ ಮೇಲೆ ಮಾಡುವ ಶೃಂಗಾರ ಅಲ್ಲ. ಅದೂ ಕೆಲಸವೇ.

ನನ್ನ ವಿಮಾನಕ್ಕೂ ಇದು ಅನ್ವಯಿಸಿತು. 120ರ ಮರಳು ಕಾಗದದಿಂದ ಶುರು ಮಾಡಿ 220, ಆಮೇಲೆ 400. ಮರದ ಎಳೆಯ ಉದ್ದಕ್ಕೇ ಉಜ್ಜಬೇಕು, ಅಡ್ಡಕ್ಕೆ ಉಜ್ಜಿದರೆ ಬಿದ್ದ ಗೀರು ಸೀಲರ್ ಹಚ್ಚಿದಾಗ ಎದ್ದು ಕಾಣುತ್ತದೆ. ಸೀಲರ್ ಹಚ್ಚಿದ ಮೇಲೆ ಮರದ ನವಿರು ನಾರು ಎದ್ದು ನಿಲ್ಲುತ್ತದೆ, ಮತ್ತೆ ಉಜ್ಜಬೇಕು. ಬಣ್ಣ ದಪ್ಪವಾಗಬಾರದು. ನನ್ನ ಅಳತೆಯಲ್ಲಿ ಅರ್ಧ ಮಿಲಿಮೀಟರ್ ಬಣ್ಣ ಕೂತರೆ ಅಸಲಿ ವಿಮಾನಕ್ಕೆ 6 ಮಿಲಿಮೀಟರ್ ಗಾರೆ ಮೆತ್ತಿದ ಲೆಕ್ಕ.

ಆಷಾಢದ ಮಳೆಯಲ್ಲಿ ಮೈಗೆ ಕ್ಲಿಯರ್ ಲ್ಯಾಕರ್ ಹೊಡೆದೆ. ಹತ್ತೇ ನಿಮಿಷದಲ್ಲಿ ಹಾಲಿನ ಕೆನೆ ಕಟ್ಟಿದಂತೆ ಬಿಳುಚಿಕೊಂಡಿತು. ಅಳುವುದೊಂದು ಬಾಕಿ. ಥಿನ್ನರ್ ಬೇಗ ಆವಿಯಾಗುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲಿ ಹನಿಗಟ್ಟಿ ಲ್ಯಾಕರ್ ಒಳಗೇ ಸಿಕ್ಕಿಕೊಳ್ಳುತ್ತದೆ. ಥರ್ಮೊಡೈನಮಿಕ್ಸ್‌ನಲ್ಲಿ ನಾನು ಒಳ್ಳೆಯ ಅಂಕ ತೆಗೆದವನು. ಮಲೆನಾಡಿನ ಮಳೆಗಾಲದಲ್ಲಿ ಲ್ಯಾಕರ್ ಹೊಡೆಯಬಾರದು ಎಂದು ಮಾತ್ರ ಹೊಳೆದಿರಲಿಲ್ಲ. ಬಿಸಿಲು ಬಿದ್ದ ದಿನ ತೆಳ್ಳಗೆ ಥಿನ್ನರ್ ಹಾಯಿಸಿದಾಗ ಬಿಳುಪು ಕರಗಿತು. ಕೊನೆಗೆ ತರಬೇತಿ ವಿಮಾನದ ಹಳದಿ ಬಣ್ಣ ಮೆತ್ತಿ, ಮೂಲೆಯಿಂದ ಮೂಲೆಗೆ ಜೋಡಿ ಜೋಡಿಯಾಗಿ ದಾರ ಬಿಗಿದು ನಿಲ್ಲಿಸಿದ್ದು ದೀಪಾವಳಿಯ ಹಿಂದಿನ ದಿನ. ನೋಟ್‌ಬುಕ್ಕಿನಲ್ಲಿ ಬರೆದಿಟ್ಟ ಲೆಕ್ಕದ ಪ್ರಕಾರ 164 ಗಂಟೆ. ಅದರಲ್ಲಿ ಕಟ್ಟಲು ಹಿಡಿದದ್ದು ಅರ್ಧಕ್ಕಿಂತ ಕಡಿಮೆ. ಉಳಿದದ್ದೆಲ್ಲ ಬಿಚ್ಚುವುದಕ್ಕೆ, ಉಜ್ಜುವುದಕ್ಕೆ, ಮುಗಿಸುವುದಕ್ಕೆ.

‘ಮರದ ವಿಮಾನ ಮಾಡಿದರೆ ಕೆಲಸ ಸಿಗುತ್ತಾ?’ ಎಂದು ಗೆಳೆಯರು ಕೇಳುತ್ತಾರೆ. ಸಿಗುವುದಿಲ್ಲ. ಕಂಪನಿಗಳು ಆಪ್ಟಿಟ್ಯೂಡ್ ಟೆಸ್ಟ್ ಕೊಡುತ್ತವೆ, ಕೋಡಿಂಗ್ ಕೇಳುತ್ತವೆ. ನಾನೂ ಅದಕ್ಕೆ ದಿನಾ ಕೂತು ಓದುತ್ತಿದ್ದೇನೆ. ದಿನಕ್ಕೆ ಮೂರು ಗಂಟೆ ಬಸ್ಸಿನಲ್ಲೇ ಕಳೆಯುವ, ಸಂಜೆ ಅಂಗಡಿಯಲ್ಲಿ ದುಡಿಯುವ ಸಹಪಾಠಿಗಳಿದ್ದಾರೆ. ಅವರಿಗೆ 164 ಗಂಟೆ ಎಲ್ಲಿಂದ ಬರಬೇಕು? ರೆಡಿ ಪ್ರಾಜೆಕ್ಟ್ ಕೊಳ್ಳುವವರೆಲ್ಲ ಸೋಮಾರಿಗಳು ಎಂದು ನಾನು ಹೇಳುವುದಿಲ್ಲ. ಹೊಸತಾಗಿರಬೇಕು, ಐಒಟಿ ಇರಬೇಕು, ಡೆಮೊ ದಿನ ಓಡಲೇಬೇಕು ಎಂದು ಎಲ್ಲರೂ ಕೇಳಿದರೆ ಹುಡುಗರು ಓಡುವುದನ್ನು ಕೊಂಡು ತರುತ್ತಾರೆ. ಓಡದೆ ಹೋದದ್ದನ್ನು ತೋರಿಸಿ, ಏಕೆ ಓಡಲಿಲ್ಲ ಎಂದು ವಿವರಿಸಿದವನಿಗೆ ಅಂಕ ಸಿಗುವಂತಿದ್ದರೆ ಅರ್ಧ ವ್ಯಾಪಾರ ತಾನೇ ನಿಲ್ಲುತ್ತದೆ.

ಆದರೂ ನಾವು ಕಳೆದುಕೊಳ್ಳುತ್ತಿರುವುದು ಏನೆಂದು ಗೊತ್ತಿರಲಿ. ಕೊಂಡ ಪ್ರಾಜೆಕ್ಟಿನಲ್ಲಿ ತಿರುಚಿದ ರೆಕ್ಕೆ ಇರುವುದಿಲ್ಲ. ಬೇರೆ ಯಾರೋ ಅದನ್ನು ಬಿಚ್ಚಿ ಸರಿಮಾಡಿರುತ್ತಾರೆ. ವಿದ್ಯೆ ಇರುವುದು ಆ ಬಿಚ್ಚುವುದರಲ್ಲಿ. ಅದು ಅವರ ಕೈಗೆ ಹೋಯಿತು, ನಮ್ಮ ಕೈಗೆ ಬಂದದ್ದು ಡಬ್ಬ ಮಾತ್ರ.

ಇನ್ನೊಂದು ಮಾತು, ವಿಶೇಷವಾಗಿ ನಮ್ಮ ಜಿಲ್ಲೆಯವರಿಗೆ. ನಮ್ಮ ವಿಶ್ವವಿದ್ಯಾಲಯದ ಹೆಸರಿನಲ್ಲಿರುವ ವಿಶ್ವೇಶ್ವರಯ್ಯನವರ ಮುಂದಾಲೋಚನೆಯಿಂದಲೇ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಹುಟ್ಟಿದ್ದು. 1923ರಲ್ಲಿ ಅಲ್ಲಿ ಉತ್ಪಾದನೆ ಶುರುವಾದಾಗ ಕುಲುಮೆ ಉರಿದದ್ದು ಮಲೆನಾಡಿನ ಮರದ ಇದ್ದಿಲಿನಿಂದ. ಸರಿಯಾಗಿ ನೂರು ವರ್ಷಕ್ಕೆ, 2023ರ ಜನವರಿಯಲ್ಲಿ ಅದನ್ನು ಮುಚ್ಚುವ ತೀರ್ಮಾನ ಹೊರಬಿತ್ತು, ಕಾರ್ಮಿಕರು ಹೋರಾಟಕ್ಕೆ ಇಳಿದರು. ಪೇಪರ್ ಟೌನಿನ ಕಾಗದದ ಕಾರ್ಖಾನೆಯ ಸದ್ದು ಅದಕ್ಕೂ ಮೊದಲೇ ನಿಂತಿತ್ತು. ಕಾರ್ಖಾನೆಗಳ ಭವಿಷ್ಯ ನನ್ನಂಥವನ ಕೈಲಿಲ್ಲ. ಆದರೆ ಆ ಊರಿನ ಬೀದಿ ಬೀದಿಯಲ್ಲಿ ನಿವೃತ್ತ ಫಿಟ್ಟರ್‌ಗಳು, ಟರ್ನರ್‌ಗಳು, ಮೋಲ್ಡರ್‌ಗಳು, ವೆಲ್ಡರ್‌ಗಳು ಸಂಜೆ ಕಟ್ಟೆ ಮೇಲೆ ಕೂತಿದ್ದಾರೆ. ಮೆಟ್ಟಿದ ಮರಳನ್ನು ಮುಟ್ಟಿಯೇ ತೇವ ಹೇಳಬಲ್ಲವರು, ಲೇಥಿನ ಸದ್ದು ಕೇಳಿಯೇ ಟೂಲ್ ಮೊಂಡಾಗಿದೆ ಎನ್ನಬಲ್ಲವರು. ಇಪ್ಪತ್ತು ಕಿಲೋಮೀಟರ್ ಆಚೆ ಶಿವಮೊಗ್ಗದಲ್ಲಿ ನಾವು ಅದೇ ವಿಷಯವನ್ನು ಸ್ಲೈಡ್‌ನಲ್ಲಿ ನೋಡಿ ಬರೆದುಕೊಳ್ಳುತ್ತಿದ್ದೇವೆ.

ನಮ್ಮ ಕಾಲೇಜುಗಳು ತಿಂಗಳಿಗೊಂದು ಶನಿವಾರ ಇಂಥ ಒಬ್ಬರನ್ನು ಕರೆಸಿ, ಗೌರವಧನ ಕೊಟ್ಟು, ವರ್ಕ್‌ಶಾಪಿನಲ್ಲಿ ನಮ್ಮ ಪಕ್ಕ ನಿಲ್ಲಿಸಬಾರದೇ? ಭಾಷಣ ಬೇಡ. ನಾವು ಮಾಡುತ್ತಿರುವುದನ್ನು ನೋಡಿ ‘ಇದು ಹಿಂಗಲ್ಲಪ್ಪ’ ಎಂದರೆ ಸಾಕು. ಪ್ರಾಜೆಕ್ಟಿಗೆ ಕೊಡುವ ಅಂಕದಲ್ಲಿ ಒಂದು ಪಾಲನ್ನು ಕೈಬರಹದ ಕೆಲಸದ ಡೈರಿಗೆ, ಕೆಟ್ಟದ್ದನ್ನು ಸರಿಮಾಡಿದ ದಾಖಲೆಗೆ ಇಡಬಾರದೇ? ವೈವಾದಲ್ಲಿ ಎಲ್ಲ ತಂಡಕ್ಕೂ ನಮ್ಮ ಎಕ್ಸಾಮಿನರ್ ಕೇಳಿದಂಥ ಒಂದೇ ಒಂದು ಪ್ರಶ್ನೆ ಕಡ್ಡಾಯ ಮಾಡಬಾರದೇ: ‘ಇದನ್ನು ಬದಲಾಯಿಸಿ ತೋರಿಸಿ’?

ಓದುವ ನೀವು ಎಂಜಿನಿಯರಿಂಗ್ ಅಲ್ಲದಿರಬಹುದು. ವಿಮಾನವೇ ಆಗಬೇಕೆಂದಿಲ್ಲ. ಒಂದು ಸ್ಟೂಲ್, ಒಂದು ರವಿಕೆ, ಒಂದು ಸಣ್ಣ ಆ್ಯಪ್, ಒಂದು ಕೈತೋಟ. ಚಿಕ್ಕದಿರಲಿ, ಆದರೆ ಕೊನೆಯ ಉಜ್ಜುವಿಕೆವರೆಗೂ ನಿಮ್ಮದೇ ಆಗಿರಲಿ. ಸಂದರ್ಶನದಲ್ಲಿ ‘ನಿಮ್ಮ ಬಗ್ಗೆ ಹೇಳಿ’ ಎಂದಾಗ ಬಾಯಿಪಾಠದ ಸಾಲು ಬಿಟ್ಟು ಹೇಳಲು ನಮ್ಮ ಬಳಿ ಏನಾದರೂ ಇರಬೇಕಲ್ಲ.

ದೀಪಾವಳಿ ದಿನ ತಾತ ವಿಮಾನವನ್ನು ಕೈಗೆತ್ತಿಕೊಂಡು ಕಣ್ಣಿನ ಮಟ್ಟಕ್ಕೆ ಹಿಡಿದು ರೆಕ್ಕೆಯ ಅಂಚು ನೋಡಿದರು. ಹೊಟ್ಟೆಯ ಕೆಳಗೆ ಹೆಬ್ಬೆರಳು ಆಡಿಸಿದರು. ‘ಇಲ್ಲೊಂಚೂರು ಒರಟಿದೆ’ ಎಂದು ಟಿ.ವಿ. ಪಕ್ಕ ಇಟ್ಟರು. ಅವರ ಮಟ್ಟಿಗೆ ಅದು ಹೊಗಳಿಕೆ ಎಂದು ಅಜ್ಜಿ ಆಮೇಲೆ ಹೇಳಿದರು.

ರೋಬೊ ಕೊಂಡ ಅದೇ ನಾಲ್ವರು ಈಗ ಅಡಿಕೆ ಒಣಗಿಸುವ ಪುಟ್ಟ ಡ್ರೈಯರ್ ಕಟ್ಟುತ್ತಿದ್ದೇವೆ. ಎರಡು ಸಲ ಅಡಿಕೆಗೆ ಬೂಸ್ಟು ಬಂತು. ಏಕೆ ಬಂತು ಎಂದು ಡೈರಿಯಲ್ಲಿ ಬರೆದಿದ್ದೇವೆ. ಈ ಶನಿವಾರ ಗಾಳಿಯ ದಾರಿ ಬದಲಾಯಿಸಿ ಮೂರನೇ ಸಲ ಹಚ್ಚುತ್ತೇವೆ.